ಬೇಲಿಯಾಚೆ ಕುಳಿತವರ ಆಟ

ಮಗಳು ಒಳ್ಳೆಯ ಆಟಗಾರ್ತಿಯಾಗಲಿ ಎಂದು ಟೊಂಕ ಕಟ್ಟಿ ನಿಂತ ಅಪ್ಪ–ಅಮ್ಮ ಎಲ್ಲಿ ಎಡವುತ್ತಾರೆ? ಅಮೆರಿಕದ ಸಾಫ್ಟ್‌ಬಾಲ್ ಮೈದಾನಗಳ ಬೇಲಿಯ ಪಕ್ಕ ನಾಲ್ಕು ತಿಂಗಳು ಕುಳಿತು ಬಂದ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ಅನುಭವ ಇಲ್ಲಿದೆ.

ಶನಿವಾರ ಬೆಳಗಿನ ಜಾವ ಐದು ಗಂಟೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಮಗಳ ಮನೆಯಲ್ಲಿ ಆಗಲೇ ದೀಪ ಹತ್ತಿಕೊಂಡಿತ್ತು. ಅಳಿಯ ಮಡಿಸುವ ಕುರ್ಚಿಗಳನ್ನು, ಬಿಸಿಲಿಗೆ ಕಟ್ಟುವ ಡೇರೆಯನ್ನು, ನೀರಿನ ಕ್ಯಾನುಗಳನ್ನು ವ್ಯಾನಿಗೆ ತುಂಬುತ್ತಿದ್ದರು. ಮಗಳು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕುತ್ತಿದ್ದಳು. ಹನ್ನೆರಡು ವರ್ಷದ ಮೊಮ್ಮಗಳು ಸಮವಸ್ತ್ರ ತೊಟ್ಟು, ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮತ್ತೆ ನಿದ್ದೆ ಹೋಗಿದ್ದಳು.

‘ಯಾರದ್ದಾದರೂ ಮದುವೆಯೇ?’ ಎಂದು ಕೇಳಿದೆ.

‘ಮದುವೆ ಅಲ್ಲ ಮಾವ, ಮ್ಯಾಚು. ಸೀಸನ್ ಮುಗಿಯೋವರೆಗೆ ಹೆಚ್ಚುಕಡಿಮೆ ಪ್ರತಿ ವಾರ ಹೀಗೇನೆ’ ಎಂದು ಅಳಿಯ ನಕ್ಕರು.

ಮೂವತ್ತೊಂದು ವರ್ಷ ತುಮಕೂರು ಜಿಲ್ಲೆಯ ಹೈಸ್ಕೂಲುಗಳಲ್ಲಿ ಮಕ್ಕಳಿಗೆ ಖೋ–ಖೋ, ಕಬಡ್ಡಿ, ವಾಲಿಬಾಲ್ ಆಡಿಸಿದವನು ನಾನು. ತಾಲ್ಲೂಕು ಪಂದ್ಯಕ್ಕೆ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಸಂಜೆ ಹೋಟೆಲಿನಲ್ಲಿ ಒಂದೊಂದು ದೋಸೆ ಕೊಡಿಸಿ ಕರೆತಂದರೆ ನಮ್ಮ ಕ್ರೀಡಾಕೂಟ ಮುಗಿಯುತ್ತಿತ್ತು. ತಂದೆ–ತಾಯಿ ಮೈದಾನಕ್ಕೆ ಬಂದದ್ದನ್ನು ನಾನು ಕಂಡದ್ದೇ ಅಪರೂಪ. ಬಂದರೂ ಅದು ‘ನಮ್ಮ ಹುಡುಗೀನ ಇನ್ನು ಕಳಿಸೋಲ್ಲ ಸಾರ್’ ಎಂದು ಹೇಳುವುದಕ್ಕೆ. ಹಾಗಿರುವಾಗ ಮಗಳ ಆಟಕ್ಕಾಗಿ ಇಡೀ ಸಂಸಾರವೇ ಎರಡು ಗಂಟೆ ದಾರಿ ಪ್ರಯಾಣ ಮಾಡುವುದನ್ನು ಕಂಡು ನನಗೆ ಸಂತೋಷವೇ ಆಯಿತು. ಸಂತೋಷದ ಜೊತೆಗೆ ಬೇರೆ ಸಂಗತಿಗಳೂ ಉಂಟು ಎಂಬುದು ತಿಳಿದದ್ದು ಆಮೇಲೆ.

ಮೆದು ಚೆಂಡಲ್ಲ!

ಸಾಫ್ಟ್‌ಬಾಲ್ ಎಂಬ ಹೆಸರು ಕೇಳಿ ಚೆಂಡು ಮೆತ್ತಗಿರುತ್ತದೆ ಎಂದುಕೊಳ್ಳಬೇಡಿ. ಹನ್ನೆರಡು ಅಂಗುಲ ಸುತ್ತಳತೆಯ ಆ ಹಳದಿ ಚೆಂಡು ನಮ್ಮ ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಗಟ್ಟಿತನದಲ್ಲಿಯೂ ಕಡಿಮೆಯೇನಲ್ಲ. 1887ರಲ್ಲಿ ಷಿಕಾಗೋ ನಗರದ ದೋಣಿ ಕ್ಲಬ್ಬೊಂದರಲ್ಲಿ, ಸುತ್ತಿ ಕಟ್ಟಿದ ಬಾಕ್ಸಿಂಗ್ ಕೈಗವಸನ್ನು ಚೆಂಡು ಮಾಡಿಕೊಂಡು, ಪೊರಕೆ ಕೋಲನ್ನು ಬ್ಯಾಟ್ ಮಾಡಿಕೊಂಡು ಒಳಾಂಗಣದಲ್ಲಿ ಹುಟ್ಟಿದ ಆಟ ಇದು. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಇದಕ್ಕೆ ನಿಯಮಗಳನ್ನು ರೂಪಿಸಿದ. ಬೇಸ್‌ಬಾಲಿನಂತೆ ಇಲ್ಲಿಯೂ ಒಂಬತ್ತು ಜನ, ನಾಲ್ಕು ನಿಲ್ದಾಣ. ಪಂದ್ಯ ಮಾತ್ರ ಏಳು ಇನಿಂಗ್ಸ್. ಚೆಂಡನ್ನು ಕೈ ಕೆಳಗಿನಿಂದ ಎಸೆಯಬೇಕು. ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಬಳಿ ಚೆಂಡನ್ನು ಬಿಡುವ ಆ ಎಸೆತ ನೋಡಲು ಬಹಳ ಚೆಂದ.

ಎಸೆಯುವವಳನ್ನು ಪಿಚರ್ ಎನ್ನುತ್ತಾರೆ. ಹನ್ನೆರಡು ವರ್ಷದೊಳಗಿನವರು 40 ಅಡಿ ದೂರದಿಂದ, ಹದಿನಾಲ್ಕರ ವರ್ಗದಿಂದ ಮೇಲಿನವರು 43 ಅಡಿಯಿಂದ ಎಸೆಯುತ್ತಾರೆ. ಪಂದ್ಯದ ಜುಟ್ಟು ಇವಳ ಕೈಯಲ್ಲಿ. ಹೀಗಾಗಿ ಎಲ್ಲ ಅಪ್ಪಂದಿರಿಗೂ ತಮ್ಮ ಮಗಳು ಪಿಚರ್ ಆಗಲಿ ಎಂಬ ಆಸೆ. ನನ್ನ ಮೊಮ್ಮಗಳು ಪಿಚರ್.

ಈ ಆಟ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ಪರ್ಧೆಯಾಗಿ ಸೇರ್ಪಡೆಯಾಯಿತು. ಮೊದಲ ಮೂರು ಬಾರಿಯೂ ಚಿನ್ನ ಅಮೆರಿಕಕ್ಕೆ. 2008ರಲ್ಲಿ ಬೀಜಿಂಗ್‌ನಲ್ಲಿ ಮತ್ತು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಜಪಾನ್ ಗೆದ್ದಿತು. 2028ರ ಲಾಸ್ ಏಂಜಲಿಸ್ ಕೂಟಕ್ಕೆ ಇದನ್ನು ಮತ್ತೆ ಸೇರಿಸಿದ್ದಾರೆ. ನಮ್ಮಲ್ಲಿ ಹೆಚ್ಚು ಪ್ರಚಾರ ಇಲ್ಲದಿದ್ದರೂ ರಾಷ್ಟ್ರೀಯ ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಇದೆ.

ಎರಡು ಬಗೆಯ ತಂಡ

ಅಮೆರಿಕದಲ್ಲಿ ಮಕ್ಕಳ ಸಾಫ್ಟ್‌ಬಾಲ್ ಎರಡು ಬಗೆ. ಒಂದು, ಊರಿನ ಲೀಗ್. ಹೆಸರು ಕೊಟ್ಟವರಿಗೆಲ್ಲ ಜಾಗ, ಎಲ್ಲರಿಗೂ ಆಟ. ಕೋಚ್ ಆಗುವವರು ಯಾರದೋ ಅಪ್ಪ ಅಥವಾ ಅಮ್ಮ, ಅದೂ ಸಂಬಳವಿಲ್ಲದೆ. ಇನ್ನೊಂದು, ಊರೂರು ಸುತ್ತುವ ಕ್ಲಬ್ ತಂಡ. ಇದನ್ನು ‘ಟ್ರಾವೆಲ್ ಬಾಲ್’ ಎನ್ನುತ್ತಾರೆ. ಇಲ್ಲಿ ಆಯ್ಕೆ ಪರೀಕ್ಷೆ ಉಂಟು. ಆಯ್ಕೆಯಾದವರು ಹನ್ನೆರಡೋ ಹದಿಮೂರೋ ಮಂದಿ. ಕಣದಲ್ಲಿ ಒಂಬತ್ತು ಜನಕ್ಕೆ ಮಾತ್ರ ಜಾಗ. ಉಳಿದವರು ಬೆಂಚಿನ ಮೇಲೆ.

ಖರ್ಚಿನ ಪಟ್ಟಿಯನ್ನು ಮಗಳು ಒಂದು ದಿನ ತೋರಿಸಿದಳು. ತಂಡದ ಶುಲ್ಕ ವರ್ಷಕ್ಕೆ ಎರಡು ಸಾವಿರ ಡಾಲರಿಗೂ ಮೇಲೆ. ಬ್ಯಾಟ್ ಒಂದಕ್ಕೇ 400 ಡಾಲರ್. ಎಸೆತ ಕಲಿಸುವ ಖಾಸಗಿ ಮೇಷ್ಟ್ರಿಗೆ ಪ್ರತಿ ವಾರ ಬೇರೆ ದುಡ್ಡು. ಪೆಟ್ರೋಲು, ಹೋಟೆಲು, ಊಟ ಇದರಲ್ಲಿ ಸೇರಿಲ್ಲ. ಮಗಳು ಮತ್ತು ಅಳಿಯ ಇಬ್ಬರೂ ದುಡಿಯುವವರು, ಹೇಗೋ ತೂಗಿಸುತ್ತಾರೆ. ಆದರೆ ಅದೇ ತಂಡದ ಒಬ್ಬ ಹುಡುಗಿಯ ತಾಯಿ ಶುಲ್ಕ ತುಂಬಲು ವಾರಾಂತ್ಯದಲ್ಲಿ ಎರಡನೇ ಕೆಲಸ ಹಿಡಿದಿದ್ದಳು. ಹಾಗಾಗಿ ಮಗಳ ಆಟ ನೋಡಲು ಅವಳಿಗೇ ಬಿಡುವಿರಲಿಲ್ಲ!

ಇಷ್ಟೆಲ್ಲ ಏಕೆ? ಉತ್ತರ ಒಂದೇ ಮಾತಿನಲ್ಲಿದೆ: ಕಾಲೇಜು. ಅಮೆರಿಕದಲ್ಲಿ 1972ರ ‘ಟೈಟಲ್ ನೈನ್’ ಕಾನೂನು ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಮಕ್ಕಳಿಗೆ ತಾರತಮ್ಯ ಮಾಡಬಾರದು ಎಂದಿತು. ಅದು ಆಟಕ್ಕೂ ಅನ್ವಯವಾಯಿತು. ಹುಡುಗಿಯರ ತಂಡಗಳು ಹೆಚ್ಚಿದವು, ಆಟದ ಬಲದಿಂದ ಓದಿನ ಖರ್ಚು ಕಳೆಯುವ ದಾರಿ ತೆರೆಯಿತು. ಇದು ಆ ಕಾನೂನು ಮಾಡಿದ ದೊಡ್ಡ ಉಪಕಾರ. ಆದರೆ ದಾರಿ ಅಗಲವಾಗಿಲ್ಲ. ಹೈಸ್ಕೂಲಿನಲ್ಲಿ ಸಾಫ್ಟ್‌ಬಾಲ್ ಆಡುವ ನೂರು ಹುಡುಗಿಯರಲ್ಲಿ ಕಾಲೇಜು ಕ್ರೀಡಾ ಸಂಘದ ತಂಡಗಳನ್ನು ಸೇರುವವರು ಆರರ ಆಸುಪಾಸು. ಮೊದಲ ದರ್ಜೆಯ ತಂಡಗಳಿಗೆ ಹೋಗುವವರು ನೂರಕ್ಕೆ ಇಬ್ಬರೂ ಇಲ್ಲ. ಹೋದವರಿಗೆಲ್ಲ ಪೂರ್ಣ ವಿದ್ಯಾರ್ಥಿವೇತನ ಸಿಗುತ್ತದೆಯೇ? ಅದೂ ಇಲ್ಲ. 2025ರಲ್ಲಿ ನಿಯಮ ಬದಲಾಗುವವರೆಗೆ ಮೊದಲ ದರ್ಜೆಯ ಒಂದು ತಂಡಕ್ಕೆ ಇದ್ದದ್ದು ಹನ್ನೆರಡು ವೇತನದಷ್ಟು ಹಣ. ಅದನ್ನೇ ಇಪ್ಪತ್ತು ಹುಡುಗಿಯರಿಗೆ ಹರಿದು ಹಂಚುತ್ತಿದ್ದರು.

ಎಂಟನೆಯ ತರಗತಿಯ ಹುಡುಗಿಯರನ್ನೇ ಕಾಲೇಜು ಕೋಚ್‌ಗಳು ಮಾತಿನಲ್ಲಿ ಕಾಯ್ದಿರಿಸಿಕೊಳ್ಳುವ ಕಾಲವೂ ಇತ್ತು. 2018ರಲ್ಲಿ ಅದಕ್ಕೆ ತಡೆ ಬಿತ್ತು. ಈಗ ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಕೋಚ್‌ಗಳು ಇಂಥ ಮಾತುಕತೆ ನಡೆಸುವಂತಿಲ್ಲ. ಆದರೂ ಹತ್ತು ವರ್ಷದ ಮಗಳು ‘ಹಿಂದೆ ಬಿದ್ದಾಳು’ ಎಂಬ ಭಯ ತಂದೆ–ತಾಯಿಯನ್ನು ಬಿಟ್ಟಿಲ್ಲ. ಕ್ಲಬ್ಬುಗಳು ನಡೆಯುವುದು ಒಂದು ಪಾಲು ಆಟದ ಮೇಲೆ, ಒಂದು ಪಾಲು ಈ ಭಯದ ಮೇಲೆ.

ಬೇಲಿಯ ಈಚೆ

ಮೈದಾನಕ್ಕೆ ತಂತಿ ಬೇಲಿ. ಒಳಗೆ ಮಕ್ಕಳು, ಹೊರಗೆ ನಾವು. ಮಕ್ಕಳು ಬೆಂಚಿನಲ್ಲಿ ಹಾಡು ಕಟ್ಟಿ ಕೂಗುತ್ತ, ಸೂರ್ಯಕಾಂತಿ ಬೀಜ ಬಾಯಲ್ಲಿಟ್ಟು ಸಿಪ್ಪೆ ಉಗುಳುತ್ತ ಖುಷಿಯಾಗಿದ್ದರು. ಬಿಗುವು ಇದ್ದದ್ದು ಬೇಲಿಯ ಈಚೆಗೆ. ‘ಕೋಚ್ ತನ್ನ ಮಗಳನ್ನೇ ಯಾವಾಗಲೂ ಎಸೆಯೋಕೆ ಬಿಡ್ತಾನೆ’, ‘ನನ್ನ ಮಗಳಿಗೆ ಬ್ಯಾಟಿಂಗ್ ಸರದಿ ಒಂಬತ್ತನೆಯದು ಯಾಕೆ?’ ಇಂಥ ಮಾತು ಕುರ್ಚಿಯಿಂದ ಕುರ್ಚಿಗೆ ಹರಿಯುತ್ತಿದ್ದವು. ಕೋಚ್ ಆದ ಅಪ್ಪ ತನ್ನ ಮಗಳಿಗೆ ಒಳ್ಳೆಯ ಜಾಗ ಕೊಡುವುದಕ್ಕೆ ಅಲ್ಲಿ ‘ಡ್ಯಾಡಿ ಬಾಲ್’ ಎಂಬ ಹೆಸರೇ ಇದೆ. ನಮ್ಮಲ್ಲಿ ಇದಕ್ಕೆ ಹೆಸರಿಲ್ಲ, ಅಷ್ಟೇ.

ಅಂಪೈರ್ ತೀರ್ಪು ಹಿಡಿಸದೆ ಒಬ್ಬ ಅಪ್ಪ ಬೇಲಿ ಹಿಡಿದು ಕಿರುಚಿದಾಗ ನಾನು ಅವನ ಮಗಳ ಮುಖ ನೋಡಿದೆ. ಆ ಹುಡುಗಿ ಕ್ಯಾಪಿನ ಅಂಚನ್ನು ಕೆಳಗೆಳೆದುಕೊಂಡು ನೆಲ ನೋಡುತ್ತ ನಿಂತಿದ್ದಳು.

ನನ್ನ ಅಳಿಯ ಕಿರುಚುವವರಲ್ಲ. ಅವರದು ಬೇರೆ ದಾರಿ. ಮನೆಗೆ ಮರಳುವ ಎರಡು ಗಂಟೆಯೂ ಪಂದ್ಯದ ವಿಮರ್ಶೆ. ಮೂರನೇ ಇನಿಂಗ್ಸ್‌ನಲ್ಲಿ ಆ ಚೆಂಡು ಯಾಕೆ ಎತ್ತರ ಹೋಯಿತು, ಮಣಿಕಟ್ಟು ಯಾಕೆ ತಡವಾಗಿ ತಿರುಗಿತು ಎಂದು ಮೃದುವಾಗಿಯೇ ಕೇಳುತ್ತಿದ್ದರು. ಮೊಮ್ಮಗಳು ‘ಹ್ಞೂಂ’, ‘ಓಕೆ ಅಪ್ಪ’ ಎನ್ನುತ್ತ ಕಿಟಕಿಯಾಚೆ ನೋಡುತ್ತಿದ್ದಳು.

ಒಂದು ಶನಿವಾರ ಅವಳ ತಂಡಕ್ಕೆ ಮೂರು ಪಂದ್ಯ. ಇನ್ನೊಬ್ಬ ಪಿಚರ್ ಜ್ವರ ಬಂದು ಮಲಗಿದ್ದಳು. ಮೂರಕ್ಕೂ ಇವಳೇ. ಹಳೆಯ ಅಭ್ಯಾಸ ನನ್ನದು, ಕೈಯಲ್ಲಿ ಪೆನ್ಸಿಲು ಚೀಟಿ ಇಲ್ಲದೆ ಆಟ ನೋಡಲಾರೆ. ಸಂಜೆ ಲೆಕ್ಕ ಹಾಕಿದಾಗ 214 ಎಸೆತ. ಅಲ್ಲಿನ ಲಿಟಲ್ ಲೀಗ್ ಸಂಸ್ಥೆ ತನ್ನ ಬೇಸ್‌ಬಾಲ್‌ನಲ್ಲಿ ಹನ್ನೊಂದು–ಹನ್ನೆರಡರ ವಯಸ್ಸಿನ ಪಿಚರ್‌ಗೆ ದಿನಕ್ಕೆ 85 ಎಸೆತದ ಮಿತಿ ಇಟ್ಟಿದೆ. ಸಾಫ್ಟ್‌ಬಾಲ್‌ನಲ್ಲಿ ಅದು ಎಣಿಸುವುದು ಎಸೆತಗಳನ್ನಲ್ಲ, ಇನಿಂಗ್ಸ್‌ಗಳನ್ನು. ನಾವು ಹೋಗಿದ್ದ ಖಾಸಗಿ ಟೂರ್ನಿಯಲ್ಲಿ ಯಾವ ಮಿತಿಯೂ ಇರಲಿಲ್ಲ. ಕೈ ಕೆಳಗಿನ ಎಸೆತ ಸಹಜವಾದದ್ದು, ಅದರಿಂದ ತೋಳಿಗೆ ಏಟಾಗದು ಎಂಬ ನಂಬಿಕೆ ಬಹಳ ಹಳೆಯದು. ಈ ಎಸೆತದಲ್ಲೂ ಭುಜದ ಮೇಲೆ ಭಾರಿ ಒತ್ತಡ ಬೀಳುತ್ತದೆ ಎಂದು ಕ್ರೀಡಾ ವೈದ್ಯರು ಅಳೆದು ತೋರಿಸಿದ್ದಾರೆ.

ಅಂದು ರಾತ್ರಿ ಹೋಟೆಲಿನಲ್ಲಿ ಎಲ್ಲರೂ ಮಲಗಿದ ಮೇಲೆ ಮೊಮ್ಮಗಳು ನನ್ನ ಹಾಸಿಗೆಯ ಬಳಿ ಬಂದಳು.

‘ತಾತ, ಯಾರಿಗೂ ಹೇಳಬೇಡ. ಭುಜ ನೋಯ್ತಿದೆ.’

‘ಎಷ್ಟು ದಿನದಿಂದ?’

‘ತುಂಬಾ ದಿನ ಆಯ್ತು.’

‘ಅಪ್ಪನಿಗೆ ಯಾಕೆ ಹೇಳಲಿಲ್ಲ?’

‘ಹೇಳಿದರೆ ನನ್ನ ಜಾಗ ಬೇರೆಯವಳಿಗೆ ಹೋಗುತ್ತೆ. ಅಪ್ಪ ಅಷ್ಟೊಂದು ದುಡ್ಡು ಕೊಟ್ಟಿದಾರಲ್ಲ...’

ಹನ್ನೆರಡು ವರ್ಷದ ಮಗು ತನ್ನ ನೋವನ್ನೂ ಅಪ್ಪನ ದುಡ್ಡನ್ನೂ ತಕ್ಕಡಿಯಲ್ಲಿಟ್ಟು ತೂಗಿತ್ತು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನನ್ನದೊಂದು ಹಳೆಯ ತಪ್ಪು

ಅಳಿಯನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಇತ್ತೆ? ಇಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಬರೆಯುತ್ತೇನೆ.

1988ರಲ್ಲಿ ತಾಲ್ಲೂಕು ಮಟ್ಟದ ಖೋ–ಖೋ ಫೈನಲ್. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿ, ಇಡೀ ತಾಲ್ಲೂಕಿಗೇ ಚುರುಕಾದ ಓಟಗಾರ್ತಿ, ಸೆಮಿಫೈನಲ್‌ನಲ್ಲಿ ಕಾಲು ಉಳುಕಿಸಿಕೊಂಡಳು. ಪಾದ ಊದಿದ್ದು ನನಗೆ ಕಂಡಿತು. ಬಿಗಿಯಾಗಿ ಬಟ್ಟೆ ಕಟ್ಟಿ, ‘ಇನ್ನೊಂದೇ ಪಂದ್ಯ, ತಡ್ಕೊಳಮ್ಮ’ ಎಂದೆ. ಅವಳು ತಡೆದುಕೊಂಡಳು. ನಾವು ಗೆದ್ದೆವು. ಶೀಲ್ಡು ಹೆಡ್‌ಮಾಸ್ತರರ ಕೋಣೆಯ ಬೀರುವಿನ ಮೇಲೆ ಕುಳಿತಿತು. ಆ ಹುಡುಗಿ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ತಿಂಗಳುಗಟ್ಟಲೆ ಕುಂಟುತ್ತಿದ್ದಳು. ‘ಕಾಲು ಸರಿಯಾಯ್ತೇನಮ್ಮ?’ ಎಂದು ಕೇಳಿದಾಗಲೆಲ್ಲ ‘ಆಯ್ತು ಸಾರ್’ ಎಂದೇ ಹೇಳುತ್ತಿದ್ದಳು. ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಅದನ್ನು ನಿಜವೆಂದು ನಂಬುವುದು ನಮಗೆ ಅನುಕೂಲ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಅಳಿಯನಿಗೆ ಈ ಕಥೆ ಹೇಳಿದೆ. ಆಮೇಲೆ ಮೊಮ್ಮಗಳ ಭುಜದ ವಿಷಯ. ಅವಳಿಗೆ ಕೊಟ್ಟ ಮಾತು ಮುರಿದೆ, ನಿಜ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅಳಿಯ ಬಹಳ ಹೊತ್ತು ಸುಮ್ಮನಿದ್ದರು. ‘ಅವಳು ಹಿಂದೆ ಬೀಳಬಾರದು ಅಂತ ಮಾಡಿದೆ ಮಾವ’ ಎಂದರು. ಆ ಭಾನುವಾರ ಅವಳು ಎಸೆಯಲಿಲ್ಲ. ತಂಡ ಮೊದಲ ಪಂದ್ಯದಲ್ಲೇ ಸೋತು ಹೊರಬಿತ್ತು. ಬೇಲಿಯ ಬಳಿ ಕೆಲವರು ನಮ್ಮೊಡನೆ ಮಾತು ಬಿಟ್ಟರು.

ವೈದ್ಯರು ಹೇಳಿದ್ದು

ಕ್ರೀಡಾ ವೈದ್ಯೆ ಪರೀಕ್ಷಿಸಿ ಆರು ವಾರ ಎಸೆತ ಬೇಡ ಎಂದರು. ಬೆಳೆಯುವ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಭಾಗ ಇರುತ್ತದೆ, ಒಂದೇ ಬಗೆಯ ಒತ್ತಡ ಬಿಡುವಿಲ್ಲದೆ ಬಿದ್ದರೆ ಮೊದಲು ಸೋಲುವುದು ಅದು ಎಂದು ವಿವರಿಸಿದರು. ಬೇಗ ಬಂದಿದ್ದೀರಿ, ವಾಸಿಯಾಗುತ್ತದೆ ಎಂದು ಧೈರ್ಯ ಹೇಳಿದರು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಗಳನ್ನು ಆ ವೈದ್ಯೆಯಿಂದಲೇ ತಿಳಿದುಕೊಂಡೆ. ಹದಿನೈದು–ಹದಿನಾರರ ವಯಸ್ಸಿನವರೆಗೆ ಒಂದೇ ಆಟಕ್ಕೆ ಮಗುವನ್ನು ಕಟ್ಟಿಹಾಕಬೇಡಿ. ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ. ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದೇ ತಿಂಗಳಾಗಿಯಾದರೂ ಸರಿ, ಆ ಆಟದಿಂದ ದೂರವಿಡಿ. ಬಿಡುವಿನಲ್ಲಿ ಬೇರೆ ಆಟ ಆಡಲಿ. ಹೆಸರಾಂತ ಪಿಚರ್ ಜೆನ್ನಿ ಫಿಂಚ್ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ತಂಡಗಳಲ್ಲೂ ಇದ್ದವರು. 2004ರಲ್ಲಿ ಒಲಿಂಪಿಕ್ ಚಿನ್ನ ಗೆಲ್ಲಲು ಅದು ಅಡ್ಡಿಯಾಗಲಿಲ್ಲ.

ಬೇಗ ಅರಳಿದ್ದೇ ಚೆನ್ನಾಗಿ ಅರಳೀತು ಎಂದೇನಿಲ್ಲ. ಮೂರು ಒಲಿಂಪಿಕ್ ಚಿನ್ನ ಗೆದ್ದ ಲಿಸಾ ಫರ್ನಾಂಡಿಸ್ ಎಂಟು ವರ್ಷದವಳಿದ್ದಾಗ ಎಸೆದ ಮೊದಲ ಪಂದ್ಯವನ್ನು ಅವಳ ತಂಡ 28–0 ಅಂತರದಿಂದ ಸೋತಿತ್ತು. ಆ ದಿನ ಮನೆಯವರು ‘ನಿನ್ನ ಕೈಲಾಗದು ಬಿಡು’ ಎಂದಿದ್ದರೆ?

ಆಸ್ಪೆನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಅಮೆರಿಕದ ಮಗು ಒಂದು ಆಟವನ್ನು ಸರಾಸರಿ ಮೂರು ವರ್ಷಕ್ಕೂ ಕಡಿಮೆ ಆಡಿ ಹನ್ನೊಂದರ ವಯಸ್ಸಿಗೆ ಬಿಟ್ಟುಬಿಡುತ್ತದೆ. ಮುಖ್ಯ ಕಾರಣ, ಆಟದಲ್ಲಿ ಈಗ ಖುಷಿ ಇಲ್ಲ ಎಂಬುದು.

ತಂಡಕ್ಕೆ ಸೇರಿಸುವ ಮುನ್ನ ಕೇಳಿ

ಆಟ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಕೋಚ್ ಬಳಿ ಕೆಲವು ಪ್ರಶ್ನೆ ಕೇಳಲು ಸಂಕೋಚ ಬೇಡ.

* ತಂಡದಲ್ಲಿ ಎಷ್ಟು ಮಕ್ಕಳು? ನನ್ನ ಮಗುವಿಗೆ ನಿಜವಾಗಿ ಆಡಲು ಸಿಗುವ ಅವಕಾಶ ಎಷ್ಟು? ದೊಡ್ಡ ತಂಡದ ಬೆಂಚಿಗಿಂತ ಸಣ್ಣ ತಂಡದ ಅಂಕಣವೇ ಕಲಿಸುತ್ತದೆ.

* ವಾರದಲ್ಲಿ ಅಭ್ಯಾಸ ಎಷ್ಟು, ಪಂದ್ಯ ಎಷ್ಟು? ಪಂದ್ಯವೇ ಹೆಚ್ಚಾಗಿದ್ದರೆ ಅಲ್ಲಿ ಕಲಿಕೆ ಕಡಿಮೆ.

* ಎಲ್ಲ ಜಾಗಗಳಲ್ಲೂ ಆಡಿಸುತ್ತೀರಾ? ಹನ್ನೆರಡರ ವಯಸ್ಸಿಗೆ ‘ಇವಳು ಇದಕ್ಕೇ’ ಎಂದು ಮುದ್ರೆ ಒತ್ತುವುದು ಅವಸರದ ತೀರ್ಮಾನ.

* ಮಗು ನೋವು ಎಂದರೆ ಏನು ಮಾಡುತ್ತೀರಿ? ಉತ್ತರಕ್ಕಿಂತ ಉತ್ತರ ಹೇಳುವಾಗಿನ ಮುಖ ನೋಡಿ.

* ಪೂರ್ತಿ ವರ್ಷದ ಖರ್ಚೆಷ್ಟು? ಮೊದಲೇ ತಿಳಿದಿರಲಿ. ಆದರೆ ಆ ಲೆಕ್ಕ ಮಗುವಿನ ಕಿವಿಗೆ ಬೀಳದಿರಲಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ನೋವನ್ನು ಮುಚ್ಚಿಡುವುದು ಶೌರ್ಯವಲ್ಲ. ದಣಿವಿನ ನೋವು ರಾತ್ರಿ ಕಳೆದರೆ ಇಳಿಯುತ್ತದೆ, ಪೆಟ್ಟಿನ ನೋವು ಇಳಿಯುವುದಿಲ್ಲ. ವ್ಯತ್ಯಾಸ ತಿಳಿಯುವುದು ನಿಮ್ಮ ಮೈಗೆ ಮಾತ್ರ. ಅದನ್ನು ಹೇಳುವವರೂ ನೀವೇ ಆಗಬೇಕು.

ನಮ್ಮ ಕಥೆ

ಇದು ಅಮೆರಿಕದ ಕಥೆ, ನಮಗೇನು ಎನ್ನುವಿರಾ? ನಗರಗಳ ಕ್ರಿಕೆಟ್ ಶಿಬಿರಗಳ ಬೇಲಿ ಪಕ್ಕ, ಬ್ಯಾಡ್ಮಿಂಟನ್ ಅಂಗಣದ ಗ್ಯಾಲರಿಯಲ್ಲಿ, ಈಜುಕೊಳದ ಕಟ್ಟೆಯ ಮೇಲೆ ಒಂದು ಸಂಜೆ ಕುಳಿತು ನೋಡಿ. ಅದೇ ಕುರ್ಚಿ, ಅದೇ ಪಿಸುಮಾತು. ಅಲ್ಲಿಯ ಕಾಲೇಜು ವೇತನದ ಜಾಗದಲ್ಲಿ ಇಲ್ಲಿ ರಾಜ್ಯ ತಂಡದ ಆಯ್ಕೆ, ಸಿಇಟಿಯ ಕ್ರೀಡಾ ಕೋಟಾ. ಊರುಕಡೆಯ ಕಥೆ ಇದಕ್ಕೆ ತಿರುವುಮುರುವು. ಒಂಬತ್ತನೇ ತರಗತಿ ಮುಗಿಯಿತೋ ಇಲ್ಲವೋ, ‘ಎಸ್‌ಎಸ್‌ಎಲ್‌ಸಿ ಬಂತು, ಆಟ ಸಾಕು’ ಎಂದು ಹುಡುಗಿಯ ಬೂಟನ್ನು ಅಟ್ಟಕ್ಕೆ ಹಾಕುತ್ತಾರೆ. ಅತಿಯಾಗಿ ತಳ್ಳುವುದೂ ಸಲ್ಲ, ಎಳೆದು ಕೂರಿಸುವುದೂ ಸಲ್ಲ. ಎರಡರಲ್ಲೂ ಮಗುವನ್ನು ಕೇಳಿದವರು ಯಾರೂ ಇಲ್ಲ.

ಮೊಮ್ಮಗಳು ಈಗ ಆ ದೊಡ್ಡ ತಂಡದಲ್ಲಿಲ್ಲ. ಊರಿಗೆ ಹತ್ತಿರದ ಸಣ್ಣ ತಂಡವೊಂದನ್ನು ಸೇರಿದ್ದಾಳೆ. ಭುಜ ವಾಸಿಯಾಗಿದೆ. ಒಂದು ಪಂದ್ಯದಲ್ಲಿ ಎಸೆದರೆ ಮುಂದಿನದರಲ್ಲಿ ಎರಡನೇ ನಿಲ್ದಾಣ ಕಾಯುತ್ತಾಳೆ. ಚಳಿಗಾಲದಲ್ಲಿ ಸಾಫ್ಟ್‌ಬಾಲ್‌ಗೆ ರಜೆ, ಈಜು ಕಲಿಯುತ್ತಾಳಂತೆ. ಕಾಲೇಜು ತಂಡಕ್ಕೆ ಹೋಗುತ್ತಾಳೋ ಇಲ್ಲವೋ ಯಾರು ಬಲ್ಲರು?

ಮೊನ್ನೆ ಫೋನಿನಲ್ಲಿ ಸಿಕ್ಕಳು. ಕೈಗೆ ಬಂದ ಸುಲಭದ ಕ್ಯಾಚು ಬಿಟ್ಟು ಪಂದ್ಯ ಸೋತ ಕಥೆಯನ್ನು ನಗುತ್ತ ಹೇಳಿದಳು.

‘ಕಾರಿನಲ್ಲಿ ಅಪ್ಪ ಏನಂದರು?’ ಎಂದು ಕೇಳಿದೆ.

‘ಹಸಿವಾಗ್ತಿದೆಯಾ, ದೋಸೆ ತಿನ್ನೋಣವಾ ಅಂದ್ರು, ತಾತ.’

ಸೋಲಿನ ದಿನವೂ ನಮ್ಮ ತಾಲ್ಲೂಕು ಪಂದ್ಯ ಮುಗಿಯುತ್ತಿದ್ದದ್ದು ಹಾಗೆಯೇ.